ಹಗೇವಿಗೆ ಮೊದಲು ಇಳಿದವರು

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳ್ಳಿಗಳಲ್ಲಿ ಎಪ್ಪತ್ತೈದು ದಾಟಿದವರನ್ನು ಜಗುಲಿ ಮೇಲೆ ಕೂರಿಸಿಕೊಂಡು ‘ಹಗೇವು ತೆಗೀತಿದ್ದದ್ದು ಹೆಂಗೆ?’ ಅಂತ ಕೇಳಿ ನೋಡಿ. ಊರಿನ ಮುದುಕ ಹೇಳುತ್ತಾನೆ: ಬಾಯಿ ಮೇಲಿನ ಮಣ್ಣು ಬಗೆದು ಚಪ್ಪಡಿ ಸರಿಸಬೇಕು, ಒಂದೊತ್ತು ಹಾಗೇ ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಉರೀತಿದ್ದರೆ ಇಳೀಬಹುದು, ಆರಿಹೋದರೆ ಇನ್ನೂ ಕಾಯಬೇಕು. ಕೇರಿಯ ಮುದುಕನೂ ಇಷ್ಟನ್ನೇ ಹೇಳುತ್ತಾನೆ. ಹೇಳಿ, ಒಂದು ಮಾತು ಸೇರಿಸುತ್ತಾನೆ: ‘ದೀಪ ಆದಮೇಲೆ ನಾವು. ದಣಿಗೆ ಆತುರ ಇದ್ದರೆ ದೀಪಕ್ಕೂ ಮುಂಚೆ ನಾವು.’

ಈ ಒಂದು ಮಾತಿನ ವ್ಯತ್ಯಾಸ ಚರಿತ್ರೆಯ ಪುಸ್ತಕದಲ್ಲಿಲ್ಲ. ಕೋಲಾರದ ಚರಿತ್ರೆ ಅಂದರೆ ನಮ್ಮ ಮಕ್ಕಳಿಗೆ ಗಂಗರು, ಚೋಳರು, ಹೈದರಾಲಿ, ಚಿನ್ನದ ಗಣಿ. ದವಸ ಕಾಯ್ದವರ ಚರಿತ್ರೆ, ದವಸ ತಿಂದ ಹುಳುವಿನ ಚರಿತ್ರೆ ಯಾವ ಪಾಠದಲ್ಲೂ ಬರುವುದಿಲ್ಲ. ಈಗ ಅದನ್ನು ಬರೆಯುವುದಕ್ಕೆ ಕಾರಣವಿದೆ. ಬೇವಿನ ಸೊಪ್ಪಿನಂಥ ಗಿಡಮೂಲಿಕೆಯ ಕಷಾಯದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ತಯಾರಿಸಿ ಕಾಳಿನ ಹುಳು ಕೊಲ್ಲಬಹುದು, ರಾಸಾಯನಿಕ ವಿಷ ಇನ್ನು ಬೇಕಿಲ್ಲ ಅಂತ ಪ್ರಯೋಗಶಾಲೆಗಳಿಂದ ಸುದ್ದಿ ಬರುತ್ತಿದೆ. ನ್ಯಾನೋ ಕಣ ಅಂತ ಅವುಗಳ ಹೆಸರು. ಸುದ್ದಿ ಒಳ್ಳೆಯದೇ. ಆದರೆ ಬೇವು, ಬೂದಿ, ಕೆಮ್ಮಣ್ಣು ಹಿಡಿದ ಕೈ ಯಾರದು, ವಿಷ ಬಂದಾಗ ಅದನ್ನು ಮೊದಲು ಉಸಿರಾಡಿದವರು ಯಾರು ಅನ್ನುವುದನ್ನು ಬಿಟ್ಟು ಈ ಸುದ್ದಿ ಓದಿದರೆ ಅರ್ಧ ಓದಿದ ಹಾಗೆ.

ಹಗೇವು ಕಾಣದ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಗುಳಿ ಅದು. ತೆಲುಗು ಮಾತಾಡುವ ಮನೆಗಳಲ್ಲಿ ಇದಕ್ಕೆ ಪಾತರ ಅನ್ನುತ್ತಾರೆ. ನೀರು ನಿಲ್ಲದ ದಿಬ್ಬದ ಗಟ್ಟಿ ನೆಲ ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಬಾಯಿ ಬಿಟ್ಟು, ಒಳಗೆ ಹೊಟ್ಟೆ ಅಗಲ ಮಾಡಿ ತೋಡುತ್ತಿದ್ದರು. ಒಳಗೆ ಸೊಪ್ಪುಸೆದೆ ಸುಟ್ಟು ಗೋಡೆಯ ಪಸೆ ಆರಿಸಿ, ಸುತ್ತ ರಾಗಿಹುಲ್ಲು ಕೊಟ್ಟು, ರಾಗಿ ಸುರಿದು, ಮೇಲೆ ಹುಲ್ಲು, ಚಪ್ಪಡಿ, ಮಣ್ಣು. ಅಷ್ಟೆ. ಔಷಧಿಯಿಲ್ಲ, ಪುಡಿಯಿಲ್ಲ. ಆದರೂ ರಾಗಿ ವರ್ಷಗಟ್ಟಲೆ ನಿಲ್ಲುತ್ತಿತ್ತು. ರಾಗಿಕಾಳು ಬಹಳ ಚಿಕ್ಕದು, ಸೊಂಡಿಲ ಹುಳುವಿನ ಮರಿಗೆ ಅದರೊಳಗೆ ಮೈ ಚಾಚಲು ಜಾಗವಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಉಸಿರು. ಮುಚ್ಚಿದ ಗುಳಿಯಲ್ಲಿ ಕಾಳೂ ಉಸಿರಾಡುತ್ತದೆ, ಹುಳು ಇದ್ದರೆ ಅದೂ ಉಸಿರಾಡುತ್ತದೆ. ಆಮ್ಲಜನಕ ತೀರುತ್ತಾ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ. ೧೯೮೦ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿಗೆ ಹೋಗಿ ಅಲಸಂದೆ ಕಾಳಿಗಾಗಿ ಗಾಳಿಯಾಡದ ಮೂರು ಪದರದ ಚೀಲ ಮಾಡಿಕೊಟ್ಟರು. ಅದರ ಗುಟ್ಟೂ ಇಷ್ಟೇ. ಈಗ ಅಂಥ ಚೀಲ ನಮ್ಮ ದೇಶದಲ್ಲೂ ಮಾರಾಟಕ್ಕಿದೆ.

ಚೀಲಕ್ಕೂ ಹಗೇವಿಗೂ ಒಂದೇ ವ್ಯತ್ಯಾಸ. ಚೀಲದೊಳಕ್ಕೆ ಮನುಷ್ಯ ಇಳಿಯಬೇಕಾಗಿಲ್ಲ. ಹಗೇವಿನ ಕೆಟ್ಟಗಾಳಿ ಮಾಮೂಲಿ ಗಾಳಿಗಿಂತ ಭಾರ. ಬಾಯಿ ತೆರೆದ ಕೂಡಲೇ ಅದು ಮೇಲೆದ್ದು ಹೋಗುವುದಿಲ್ಲ, ತಳದಲ್ಲೇ ಕೂತಿರುತ್ತದೆ. ಹುಳುವನ್ನು ಕೊಂದದ್ದು ಮನುಷ್ಯನನ್ನೂ ಕೊಲ್ಲುತ್ತದೆ. ನಮ್ಮ ತಾತ ಜೀತಕ್ಕಿದ್ದ ಮನೆಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದರಂತೆ. ಹಗ್ಗ ಹಿಡಿದವರೂ ಕೇರಿಯವರೇ. ತಲೆ ಸುತ್ತಿದರೆ ಹಗ್ಗ ಅಲ್ಲಾಡಿಸಬೇಕು, ಮೇಲಿನವರು ಎಳೆದುಕೊಳ್ಳಬೇಕು. ಆ ಮನೆಯ ಹೊಸಲು ದಾಟಬಾರದವನು, ಆ ಮನೆಯವರು ವರ್ಷವಿಡೀ ಮುದ್ದೆ ಕಟ್ಟಿ ಉಣ್ಣುವ ರಾಗಿಯ ರಾಶಿ ಮೇಲೆ ಬರಿಗಾಲಲ್ಲಿ ನಿಂತು ಮಂಕರಿ ತುಂಬಿ ಕೊಡುತ್ತಿದ್ದ. ಹಗೇವಿನೊಳಗೆ ಮೈಲಿಗೆ ಇರಲಿಲ್ಲ!

(ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿಯೂ ನೆಲದೊಳಗಿನ ಗುಳಿಯೇ. ದೇವರ ಕಾಸೂ ನೆಲದಲ್ಲಿ, ದಣಿಯ ರಾಗಿಯೂ ನೆಲದಲ್ಲಿ. ಕಾವಲಿಗೆ ಅಲ್ಲಿ ಚೇಳು, ಇಲ್ಲಿ ಕೆಟ್ಟಗಾಳಿ.)

ಹಗೇವು ಯಾರದು ಅನ್ನುವುದು ಕಣದಲ್ಲೇ ತೀರ್ಮಾನವಾಗುತ್ತಿತ್ತು. ೧೮೦೦ರಲ್ಲಿ ಕಂಪನಿ ಸರ್ಕಾರದ ಅಪ್ಪಣೆ ಹಿಡಿದು ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಬೇತಮಂಗಲ, ಟೇಕಲ್ ದಾರಿಯಾಗಿ ಮೈಸೂರು ಸೀಮೆಗೆ ಬಂದ. ಕಣದ ರಾಶಿಯಲ್ಲಿ ಸರ್ಕಾರಕ್ಕೆಷ್ಟು, ಬ್ರಾಹ್ಮಣರಿಗೆಷ್ಟು, ಶಾನುಭೋಗನಿಗೆಷ್ಟು, ತೋಟಿ ನೀರಗಂಟಿಗಳಿಗೆಷ್ಟು ಅಂತ ಅವನು ಈ ಸೀಮೆಯ ಲೆಕ್ಕ ಬರೆದಿಟ್ಟಿದ್ದಾನೆ. ಮೆದೆ ಒಟ್ಟಿದವರು, ಗುಂಡು ಎಳೆಸಿದವರು, ತೂರಿದವರು ಕೊನೆಗೆ ಮೊರ ಹಿಡಿದು ನಿಲ್ಲಬೇಕಾಗಿತ್ತು. ಸಿಕ್ಕಿದ ಆಯ ಯುಗಾದಿಯ ಹೊತ್ತಿಗೆ ಮುಗಿಯುತ್ತಿತ್ತು. ಆಷಾಢದಲ್ಲಿ ದಣಿಯ ಹಗೇವಿನ ಬಾಯಿ ತೆರೆದಾಗ ಇದೇ ಜನ ಸಾಲಕ್ಕೆ ಕೈ ಚಾಚುತ್ತಿದ್ದರು. ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆದು ಕೊಡಬೇಕು. ಗೋಡೆಗೆ ಅಂಟಿ ಮುಗ್ಗಲು ಹಿಡಿದ ರಾಗಿ ಮಾತ್ರ ಇಳಿದವನ ಕೂಲಿ. ನಮ್ಮಜ್ಜಿ ಅದನ್ನು ಮೂರು ನೀರಲ್ಲಿ ತೊಳೆದು ಒಣಗಿಸಿ ಬೀಸುತ್ತಿದ್ದಳಂತೆ, ಆದರೂ ಮುದ್ದೆ ಕಹಿ ಬಿಡುತ್ತಿರಲಿಲ್ಲವಂತೆ.

೧೮೭೬ರಿಂದ ೭೮ರವರೆಗಿನ ಬರದಲ್ಲಿ ಇದರ ಅರ್ಥ ಪೂರಾ ಬಯಲಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ೫೦,೫೫,೪೧೨ ಇದ್ದದ್ದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಏರಬೇಕಾದ ಲೆಕ್ಕ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿದೆ. ಕೋಲಾರ ಸೀಮೆ ಹೆಚ್ಚು ನರಳಿದ ಕಡೆಗಳಲ್ಲೊಂದು. ಹಗೇವು ತೋಡುವ ವಿದ್ಯೆ ಕೇರಿಯವರಿಗೆ ಗೊತ್ತಿತ್ತು, ತುಂಬುವ ವಿದ್ಯೆಯೂ ಗೊತ್ತಿತ್ತು. ತುಂಬುವುದಕ್ಕೆ ರಾಗಿ ಇರಲಿಲ್ಲ. ‘ನಮ್ಮ ಪೂರ್ವಜರ ಅಪಾರ ಜ್ಞಾನ’ ಅಂತ ಭಾಷಣ ಬಿಗಿಯುವವರು ಈ ಎರಡು ಸಂಖ್ಯೆಗಳನ್ನು ಮೊದಲು ಗಟ್ಟಿಯಾಗಿ ಓದಲಿ.

ಕೇರಿಯಲ್ಲಿ ದವಸ ಕಾಯುವ ಕೆಲಸ ನೆಲದೊಳಗಲ್ಲ, ಮೂಲೆಯ ಮಡಕೆಯಲ್ಲಿ ನಡೆಯಿತು. ಅದು ಹೆಂಗಸರ ಕೆಲಸ. ಎರಡು ಸೇರು ಅವರೆ, ಒಂದು ಸೇರು ತೊಗರಿ, ಬಿತ್ತನೆಗೆ ಒಂದಿಷ್ಟು ಹುರುಳಿ, ಅಲಸಂದೆ. ಊರಿನವರ ಮನೆಯಲ್ಲಿ ಗುಡಾಣ, ಕಣಜ. ಇಲ್ಲಿ ಬಾಯಿ ಒಡೆದ ಮಡಕೆ. ರಾಗಿಗೆ ಹುಳುವಿನ ಹೆದರಿಕೆ ಕಡಿಮೆ, ಕಾಳುಗಳಿಗೆ ಹಾಗಲ್ಲ. ಅವರೆಗೆ, ಅಲಸಂದೆಗೆ ಹಿಡಿಯುವ ಕುಟ್ಟೆ ಹುಳ ಎಂಥ ಕಿಲಾಡಿಯೆಂದರೆ, ಹೊಲದಲ್ಲಿ ಕಾಯಿ ಒಣಗುವಾಗಲೇ ಮೊಟ್ಟೆ ಇಟ್ಟು ಕಾಳಿನ ಜೊತೆ ಮನೆಗೆ ಬಂದುಬಿಡುತ್ತದೆ. ಮನೆಯಲ್ಲಿ ಕಾಳಿನ ಸಿಪ್ಪೆಗೆ ಬಿಳಿ ಚುಕ್ಕೆಯ ಹಾಗೆ ಮೊಟ್ಟೆ ಅಂಟಿಸುತ್ತದೆ. ಮರಿ ಒಳಕ್ಕೆ ಕೊರೆದು, ತಿಂದು, ಸುಮಾರು ಒಂದು ತಿಂಗಳಿಗೆ ರೆಕ್ಕೆ ಬಂದು, ದುಂಡನೆ ತೂತು ಮಾಡಿ ಹೊರಬರುತ್ತದೆ. ಮೂರು ತಿಂಗಳು ಬಿಟ್ಟು ಮಡಕೆ ತೆಗೆದರೆ ಸಿಪ್ಪೆ, ಹಿಟ್ಟು.

ಇದಕ್ಕೆ ನಮ್ಮ ಹೆಂಗಸರು ಮಾಡಿದ್ದೇನು? ಬಿಸಿಲಿಗೆ ಹಾಕಿ ಆರಿಸಿ, ಅಮಾವಾಸ್ಯೆ ದಿನ ನೋಡಿ ಮಡಕೆಗೆ ತುಂಬಿದರು. ಕಾಳಿನ ನಡುವೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಪದರ ಪದರವಾಗಿ ಇಟ್ಟರು. ಬಿತ್ತನೆ ಕಾಳಿಗೆ ಒಲೆಯ ಬೂದಿ ಬೆರೆಸಿದರು. ತೊಗರಿಗೆ ಕೆಮ್ಮಣ್ಣು ಕಲಸಿ ಕಟ್ಟಿ ಒಣಗಿಸಿದರು. ಕೈಗೆ ಎರಡು ಹನಿ ಹರಳೆಣ್ಣೆ ಹಚ್ಚಿಕೊಂಡು ಕಾಳನ್ನೆಲ್ಲ ಉಜ್ಜಿದರು. ತಿನ್ನುವ ತೊಗರಿಯನ್ನು ಬೇಗ ಒಡೆದು ಬೇಳೆ ಮಾಡಿಟ್ಟರು, ಕುಟ್ಟೆಗೆ ಇಡಿ ಕಾಳು ಬೇಕು, ಬೇಳೆ ಬೇಡ. ಅಮಾವಾಸ್ಯೆಯ ಮಾತನ್ನು ನಾನು ಒಪ್ಪುವುದಿಲ್ಲ. ಉಳಿದದ್ದರಲ್ಲಿ ಒಂದೊಂದಕ್ಕೂ ಕಾರಣವಿದೆ. ಎಣ್ಣೆ ಹಚ್ಚಿದರೆ ಮೊಟ್ಟೆಯ ಉಸಿರು ಕಟ್ಟುತ್ತದೆ. ಬೇವಿನ ವಾಸನೆಗೆ, ಕಹಿಗೆ ಹುಳು ಹತ್ತಿರ ಬರುವುದಿಲ್ಲ. ಬಂದು ತಿಂದರೆ ಪೊರೆ ಬಿಡಲಾರದೆ ಮರಿಯಾಗಿಯೇ ಸಾಯುತ್ತದೆ. ಬೂದಿಯ ಕೆಲಸ ಇನ್ನೂ ಸೊಗಸು. ಹುಳುವಿನ ಮೈಮೇಲೆ ಮೇಣದ ತೆಳು ಪದರ ಇರುತ್ತದೆ, ಅದರಿಂದಲೇ ಅದರ ಮೈನೀರು ಒಳಗೆ ನಿಲ್ಲುವುದು. ಸಣ್ಣ ಬೂದಿ ಆ ಮೇಣವನ್ನು ಹೀರಿ, ಗೀರಿ ತೆಗೆದುಬಿಡುತ್ತದೆ. ಕಾಳಿನ ರಾಶಿಯಲ್ಲಿ ಕುಡಿಯಲು ನೀರೆಲ್ಲಿದೆ? ಹುಳು ಒಣಗಿ ಸಾಯುತ್ತದೆ. ಹುಲ್ಲು, ಹೊಟ್ಟು, ಬೆರಣಿ ಸುಟ್ಟ ಬೂದಿಯಲ್ಲಿ ಸಿಲಿಕ ಹೆಚ್ಚು, ಭತ್ತದ ಹೊಟ್ಟಿನ ಬೂದಿಯಲ್ಲಂತೂ ಹೆಚ್ಚುಕಡಿಮೆ ಸಿಲಿಕವೇ.

೧೯೭೩ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ‘ಬೂಸಾ’ ಅಂದಾಗ ಊರೆಲ್ಲಾ ಹತ್ತಿ ಉರಿಯಿತು, ಮಂತ್ರಿ ಪದವಿ ಹೋಯಿತು. ಜೊಳ್ಳು ಯಾವುದು, ಗಟ್ಟಿ ಯಾವುದು ಅಂತ ಮೊರ ಹಿಡಿದು ಕೇರುವುದನ್ನು ದಿನವೂ ಮಾಡಿದವರ ಬಾಯಲ್ಲಿ ಆ ಮಾತು ಬಂದದ್ದರಲ್ಲಿ ಆಶ್ಚರ್ಯವೇನಿತ್ತೋ ನಾನರಿಯೆ. ಇರಲಿ.

ಹೆಂಗಸರ ಈ ಕೆಲಸಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ತಡವಾಗಿ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ೧೯೫೦ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಯಿತು. ಅಲ್ಲಿನ ಮಜುಂದಾರ್, ನರಸಿಂಹನ್, ಸುಬ್ರಹ್ಮಣ್ಯನ್ ಅವರು ೧೯೫೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹದಗೊಳಿಸಿದ ಇದ್ದಿಲು ಮತ್ತು ಜೇಡಿಮಣ್ಣು ಹುಳು ಕೊಲ್ಲುತ್ತವೆ ಅಂತ ಪ್ರಕಟಿಸಿದರು. ಇದ್ದಿಲು, ಮಣ್ಣು! ೧೯೬೨ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜ ಅರೆದ ನೀರು ಚಿಮುಕಿಸಿದ ಬೆಳೆಯನ್ನು ಮಿಡತೆ ಮುಟ್ಟುವುದಿಲ್ಲ ಅಂತ ತೋರಿಸಿದರು. ೧೯೬೫ರಲ್ಲಿ ಜೋತ್ವಾನಿ, ಸರ್ಕಾರ್ ಎಂಬಿಬ್ಬರು ನೂರು ಭಾಗ ಗೋಧಿಗೆ ಒಂದೆರಡು ಭಾಗ ಬೇವಿನ ಬೀಜದ ಪುಡಿ ಬೆರೆಸಿದರೆ ತಿಂಗಳುಗಟ್ಟಲೆ ಹುಳು ಹಿಡಿಯುವುದಿಲ್ಲ ಅಂತ ಬರೆದರು. ಒಳ್ಳೆಯ ಕೆಲಸ, ಇವರನ್ನು ನಾವು ನೆನೆಯಬೇಕು. ಆದರೆ ಅದೇ ಹೊತ್ತಿಗೆ ಸರ್ಕಾರ ಹಳ್ಳಿಗೆ ಕಳಿಸಿದ್ದು ಬೇವಲ್ಲ, ಜೇಡಿಮಣ್ಣೂ ಅಲ್ಲ.

ಮೊದಲು ಬಂದದ್ದು ಡಿಡಿಟಿ. ೧೯೫೩ರಲ್ಲಿ ಶುರುವಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಮನೆಯ ಗೋಡೆಗೆ ಹೊಡೆದರು. ಸೊಳ್ಳೆ ಸತ್ತದ್ದನ್ನು ಕಂಡ ಜನ, ಸೊಳ್ಳೆ ಕೊಂದದ್ದು ನುಸಿಯನ್ನೂ ಕೊಲ್ಲುತ್ತದೆ ಅಂತ ಕಾಳಿಗೂ ಹಾಕಿದರು. ಆಮೇಲೆ ಗಮಕ್ಸೀನ್ ಎಂದು ಕರೆಯುತ್ತಿದ್ದ ಬಿಎಚ್‌ಸಿ ಪುಡಿ. ೧೯೫೮ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ವಿಷದ ಜೊತೆಗೇ ಬಂದ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ಮೇಲೆ ಆಯೋಗ, ವಿಚಾರಣೆ. ಕೀಟನಾಶಕಗಳ ಕಾಯಿದೆ ಬಂದದ್ದು ೧೯೬೮ರಲ್ಲಿ. ಹತ್ತು ವರ್ಷ! ನಡುವೆ ೧೯೬೫ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು, ಅಮೆರಿಕದ ಗೋಧಿ ಬಂತು, ಗೋದಾಮು ಎದ್ದವು, ಕಾಳು ಉಳಿಸಿ ಅಂತ ಆಂದೋಲನ ನಡೆಯಿತು, ತಗಡಿನ ಕಣಜದ ಪ್ರದರ್ಶನ ನಡೆಯಿತು. ದೇಶದ ದವಸದಲ್ಲಿ ಕೊಯ್ಲಾದ ಮೇಲೆ ನೂರಕ್ಕೆ ೯.೩೩ ಪಾಲು ಹಾಳಾಗುತ್ತದೆ, ಅದರಲ್ಲಿ ಹುಳು ತಿನ್ನುವುದು ೨.೫೫, ಇಲಿ ತಿನ್ನುವುದು ೨.೫೦ ಅಂತ ಪಾನ್ಸೆ ಸಮಿತಿ ಆ ದಶಕದಲ್ಲಿ ಲೆಕ್ಕ ಕೊಟ್ಟಿತು. ಹುಳುವಿನ ಪಾಲು, ಇಲಿಯ ಪಾಲು, ಹಕ್ಕಿಯ ಪಾಲು ಎಲ್ಲ ಬಿಡಿಸಿ ಬರೆದ ಲೆಕ್ಕದಲ್ಲಿ ಒಂದಕ್ಕೆ ಒಂದೂವರೆ ಕಿತ್ತುಕೊಂಡವನ ಪಾಲು ಎಲ್ಲೂ ಇಲ್ಲ.

ಬಿಎಚ್‌ಸಿಯನ್ನು ಈ ದೇಶ ನಿಷೇಧಿಸಿದ್ದು ೧೯೯೭ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಅದನ್ನು ಬರಿಗೈಯಲ್ಲಿ ಎರಚಿತ್ತ, ಅದೇ ಕೈಯಲ್ಲಿ ಉಂಡಿತ್ತು.

ಪುಡಿಯ ನಂತರ ಮಾತ್ರೆ. ಅಲ್ಯುಮಿನಿಯಂ ಫಾಸ್ಫೈಡ್. ಅಂಗಡಿಯಲ್ಲಿ ‘ರಾಗಿ ಮಾತ್ರೆ ಕೊಡಿ’ ಅಂದರೂ ಸಾಕು. ಮೂರು ಗ್ರಾಮಿನ ಒಂದು ಮಾತ್ರೆ ಗಾಳಿಯ ಪಸೆಗೆ ಕರಗಿ ಒಂದು ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಬೆಳ್ಳುಳ್ಳಿಯ, ಕೊಳೆತ ಮೀನಿನ ವಾಸನೆ. ಹುಳು ಸಾಯುತ್ತದೆ. ಮನುಷ್ಯನ ಒಳಗೆ ಹೋದರೆ ಅದಕ್ಕೆ ಮದ್ದಿಲ್ಲ. ಸರ್ಕಾರದ ನಿಯಮದ ಪ್ರಕಾರ ಸರ್ಕಾರಿ ಸಂಸ್ಥೆಗಳು, ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಇದನ್ನು ಬಳಸಬೇಕು. ದವಸದ ಮೇಲೆ ಹೊದಿಕೆ ಮುಚ್ಚಿ, ದಿನಗಟ್ಟಲೆ ಜನ ಹತ್ತಿರ ಸುಳಿಯದಂತೆ ನೋಡಿಕೊಂಡು, ಆಮೇಲೆ ಗಾಳಿಯಾಡಿಸಬೇಕು. ಗೋದಾಮಿನಲ್ಲಿ ಸರಿ. ಒಂದೇ ಅಂಕಣದ ಜನತಾ ಮನೆಯಲ್ಲಿ? ಅಲ್ಲಿ ರಾಗಿ ಚೀಲದ ತಲೆದೆಸೆಗೇ ಮಕ್ಕಳು ಮಲಗುವುದು. ವಿಜ್ಞಾನ ‘ಮನೆ ಬಿಟ್ಟು ಹೋಗಿ’ ಅಂದರೆ ಹೋಗುವುದೆಲ್ಲಿಗೆ? ಮಾತ್ರೆ ಇಟ್ಟ ಕೋಣೆಯಲ್ಲಿ ಮಲಗಿ ಬೆಳಗ್ಗೆ ಏಳದ ಮಕ್ಕಳ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಬದುಕು ಸಾಕಾದವರ ಕೈಗೂ ಇದೇ ಮಾತ್ರೆ ಸಿಗುತ್ತದೆ. ಹಗೇವಿನ ಕೆಟ್ಟಗಾಳಿಗಾದರೆ ದೀಪವಿತ್ತು, ಹಗ್ಗವಿತ್ತು. ನಿದ್ದೆಯಲ್ಲಿ ಬರುವ ಗಾಳಿಗೆ ಏನಿದೆ?

ಅದೂ ಹುಳುವನ್ನು ಪೂರ್ತಿ ಗೆದ್ದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ೧೯೭೨–೭೩ರಲ್ಲಿ ನಡೆಸಿದ ಸಮೀಕ್ಷೆಯಲ್ಲೇ ಫಾಸ್ಫೀನಿಗೆ ಜಗ್ಗದ ಹುಳುಗಳು ಕಂಡಿದ್ದವು. ಇಂದು ನಮ್ಮ ಗೋದಾಮುಗಳ ಹಿಟ್ಟುಹುಳು, ಕಾಳುಕೊರಕಗಳಲ್ಲಿ ಆ ಶಕ್ತಿ ಬೆಳೆದಿದೆ ಅಂತ ವಿಜ್ಞಾನಿಗಳೇ ಬರೆಯುತ್ತಿದ್ದಾರೆ. ಹುಳು ಜಗ್ಗದಿದ್ದರೆ ಮಾತ್ರೆ ಹೆಚ್ಚುತ್ತದೆ. ಮೂಟೆ ಹೊರುವ ಹಮಾಲಿಯ ಮೂಗು ಮಾತ್ರ ಮೊದಲಿನ ಮೂಗೇ.

ಇಷ್ಟಕ್ಕೂ ಹಗೇವು ಯಾಕೆ ಮುಚ್ಚಿತು? ಮಾತ್ರೆ ಬಂತು ಅಂತಲ್ಲ. ರಾಗಿ ಹೋಯಿತು ಅಂತ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಜಿಲ್ಲೆಯ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಅದರಿಂದ ರಾಗಿ ಎಷ್ಟು ಕುಗ್ಗಿತು, ಕೂಲಿ ಎಷ್ಟು ತಪ್ಪಿತು ಅನ್ನುವುದನ್ನು ವಂದನಾ ಶಿವ, ಶರತ್‌ಚಂದ್ರ, ಬಂದ್ಯೋಪಾಧ್ಯಾಯ ಅವರು ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಿಂದ ೧೯೮೧ರಲ್ಲೇ ವರದಿ ಮಾಡಿದರು. ನೀಲಗಿರಿಗೆ ಕಳೆ ಕೀಳಬೇಕಿಲ್ಲ, ಪೈರು ಕೊಯ್ಯಬೇಕಿಲ್ಲ, ಕೇರಬೇಕಿಲ್ಲ. ಅಂದರೆ ನಾವು ಬೇಕಿಲ್ಲ. ಮಾಲೂರಿನ ಹೊಲದ ಮಣ್ಣು ಇಟ್ಟಿಗೆ ಗೂಡಿಗೆ ಹೋಯಿತು, ಶ್ರೀನಿವಾಸಪುರ ಮಾವಿನ ತೋಪಾಯಿತು, ಕೋಲಾರ ಮುಳಬಾಗಿಲು ಟೊಮೇಟೊ ಹಿಡಿದವು. ಈಗ ಕೇರಿಗೆ ಬರುವುದು ನ್ಯಾಯಬೆಲೆ ಅಂಗಡಿಯ ಅಕ್ಕಿ. ೨೦೧೩ರಿಂದ ಅನ್ನಭಾಗ್ಯ ಬಂದು ಹಸಿವು ಹಿಂದೆ ಸರಿದಿದೆ, ಅದನ್ನು ಆಡಿಕೊಳ್ಳುವ ಹೊಟ್ಟೆ ತುಂಬಿದವರ ಜೊತೆ ನಾನಿಲ್ಲ. ಆದರೆ ಆ ಅಕ್ಕಿಯನ್ನು ಕಾಯುವವರು ನಾವಲ್ಲ, ಗೋದಾಮು. ಕಾಯುವ ಮದ್ದು ಫಾಸ್ಫೀನ್. ಅದಕ್ಕೇ ಈ ಹೊಸ ಸುದ್ದಿ ನಮಗೆ ಸಂಬಂಧಪಟ್ಟದ್ದು.

ನ್ಯಾನೋ ಅನ್ನುವ ಮಾತು ಹಳ್ಳಿಗೆ ೨೦೨೧ರಲ್ಲಿ ಯೂರಿಯಾ ಬಾಟಲಿಯ ಮೇಲೆ ಬಂತು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರು. ತಲೆಗೂದಲಿನ ದಪ್ಪ ಸುಮಾರು ಎಂಬತ್ತು ಸಾವಿರ. ನೂರಕ್ಕಿಂತ ಕಡಿಮೆಯ ಕಣಗಳಿಗೆ ನ್ಯಾನೋ ಕಣ ಅನ್ನುತ್ತಾರೆ. ಪುಣೆಯ ರಾಷ್ಟ್ರೀಯ ರಸಾಯನಶಾಸ್ತ್ರ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ೨೦೦೪ರಲ್ಲಿ ಬೇವಿನ ಎಲೆ ಕುದಿಸಿದ ನೀರಿಗೆ ಬೆಳ್ಳಿ, ಚಿನ್ನದ ಲವಣ ಬೆರೆಸಿ ಅಂಥ ಕಣ ಮಾಡಿ ತೋರಿಸಿದರು. ಬೇರೆ ಕಡೆ ಇದಕ್ಕೆ ವಿಷದ ರಾಸಾಯನಿಕ ಬೇಕಾಗುತ್ತಿತ್ತು. ಇಲ್ಲಿ ಎಲೆಯ ಸಾರವೇ ಲವಣವನ್ನು ಲೋಹದ ಕಣವಾಗಿಸಿ, ಕಣಗಳು ಮುದ್ದೆಗಟ್ಟದಂತೆ ಹೊದಿಕೆಯನ್ನೂ ಹೊದಿಸುತ್ತದೆ. ಹೀಗೆ ಮಾಡಿದ ಬೆಳ್ಳಿಯ ಕಣಗಳನ್ನು ಆಮೇಲೆ ಹಲವರು ಕಾಳಿನ ಹುಳುಗಳ ಮೇಲೆ ಪ್ರಯೋಗಿಸಿದ್ದಾರೆ. ೨೦೧೧ರಲ್ಲಿ ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೇಬನಾಥ್ ಮತ್ತು ಸಂಗಡಿಗರು ಸಿಲಿಕದ ನ್ಯಾನೋ ಕಣಗಳು ಅಕ್ಕಿಯ ಸೊಂಡಿಲ ಹುಳುವನ್ನು ಮಾಮೂಲಿ ಸಿಲಿಕಕ್ಕಿಂತ ಚೆನ್ನಾಗಿ ಕೊಲ್ಲುತ್ತವೆ ಅಂತ ಬರೆದರು. ಕೊಲ್ಲುವ ಬಗೆ? ಮೈಮೇಲಿನ ಮೇಣ ಹೀರಿ, ಒಣಗಿಸಿ. ಸಿಲಿಕ ತೆಗೆಯಲು ಭತ್ತದ ಹೊಟ್ಟನ್ನು ಸುಟ್ಟು ಬೂದಿ ಮಾಡುವ ಪ್ರಯೋಗಶಾಲೆಗಳೂ ಇವೆ. ಬೂದಿ ತಿರುಗಿ ಬಂದಿದೆ, ಬಿಳಿ ಕೋಟು ಹಾಕಿಕೊಂಡು.

ಇದು ವಿಜ್ಞಾನದ ಮೇಲಿನ ಜಗಳವಲ್ಲ. ಅಜ್ಜಿಯ ಬೂದಿಯನ್ನು ರಾಶಿಗಟ್ಟಲೆ ಬೆರೆಸಬೇಕಾಗಿತ್ತು, ತೊಳೆದು ತಿನ್ನಬೇಕಾಗಿತ್ತು. ಚಿಟಿಕೆಯಷ್ಟು ಪುಡಿ ಒಂದು ಮೂಟೆ ಕಾಯುವುದಾದರೆ ಬೇಡ ಅನ್ನುವವನು ಮೂರ್ಖ. ಫಾಸ್ಫೀನ್ ಹೋಗಲಿ ಅಂತ ಯಾರಿಗಿಂತ ಮೊದಲು ಕೇಳಬೇಕಾದವರು ನಾವು. ಆದರೆ ಬೆಳ್ಳಿಯ ಕಣ ಕಾಳಿನ ಜೊತೆ ಹೊಟ್ಟೆಗೆ ಹೋದರೆ ಏನಾಗುತ್ತದೆ, ಮಣ್ಣಿಗೆ, ನೀರಿಗೆ ಹೋದರೆ ಏನಾಗುತ್ತದೆ ಅನ್ನುವುದು ಇನ್ನೂ ಪರೀಕ್ಷೆಯ ವಿಷಯ. ಗಿಡದಿಂದ ಮಾಡಿದ್ದು ಅಂದ ಮಾತ್ರಕ್ಕೆ ಬೆಳ್ಳಿ ಸೊಪ್ಪಾಗುವುದಿಲ್ಲ. ನ್ಯಾನೋ ಕೃಷಿ ವಸ್ತುಗಳನ್ನು ಹೇಗೆ ಪರೀಕ್ಷಿಸಬೇಕು ಅಂತ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದದ್ದೇ ೨೦೨೦ರಲ್ಲಿ.

ಇನ್ನೊಂದು ಪ್ರಶ್ನೆಯನ್ನು ಕೋಲಾರದವರಲ್ಲದೆ ಬೇರೆ ಯಾರು ಕೇಳಬೇಕು? ಸಣ್ಣ ದೂಳು ಎದೆಗೆ ಏನು ಮಾಡುತ್ತದೆ ಅನ್ನುವುದು ನಮಗೆ ಗೊತ್ತು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಹಿಡಿದ ಚಿನ್ನದ ಗಣಿಗೆ ಉತ್ತರ ಆರ್ಕಾಟಿನಿಂದ ಸಾವಿರಾರು ದಲಿತರು ಬಂದು ಇಳಿದರು. ಬೆಣಚುಕಲ್ಲು ಕೊರೆದ ದೂಳು ಕುಡಿದು ಸಿಲಿಕೋಸಿಸ್ ಹಿಡಿದು ಕೆಮ್ಮಿ ಸತ್ತರು. ೨೦೦೧ರ ಫೆಬ್ರವರಿ ೨೮ಕ್ಕೆ ಗಣಿ ಮುಚ್ಚಿತು, ಕೆಮ್ಮು ಮುಚ್ಚಲಿಲ್ಲ. ಗಣಿಯ ಹರಳು ಸಿಲಿಕ ಬೇರೆ, ಹುಳುವಿನ ಪುಡಿಯ ಸಿಲಿಕ ಬೇರೆ, ಇದರಲ್ಲಿ ಆ ಅಪಾಯ ಬಹಳ ಕಡಿಮೆ ಅನ್ನುತ್ತಾರೆ ತಿಳಿದವರು. ನಿಜವೇ ಇರಬಹುದು. ಹುಳುವಿನ ಮೇಲೆ ಮಾಡಿದಷ್ಟು ಪ್ರಯೋಗವನ್ನು ಈ ಪುಡಿ ಬೆರೆಸುವ, ಚೀಲ ತುಂಬುವ, ಗೋದಾಮು ಗುಡಿಸುವವರ ಎದೆಯ ಲೆಕ್ಕದಲ್ಲೂ ಮಾಡಿ ಆಮೇಲೆ ತನ್ನಿ ಅನ್ನುವುದು ನಮ್ಮ ಬೇಡಿಕೆ. ದೀಪವನ್ನು ಮೊದಲು ಇಳಿಸಿ, ಆಮೇಲೆ ಮನುಷ್ಯ.

ಹೆಸರಿನ ಮಾತೂ ಇದೆ. ಬೇವಿನೆಣ್ಣೆಯಿಂದ ಬೂಷ್ಟು ತಡೆಯುವ ವಿಧಾನದ ಮೇಲೆ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆಗೆ ಯುರೋಪಿನ ಪೇಟೆಂಟ್ ಕಚೇರಿ ೧೯೯೪ರಲ್ಲಿ ಹಕ್ಕುಪತ್ರ ಕೊಟ್ಟಿತು. ಇದು ಹೊಸದಲ್ಲ, ಭಾರತದಲ್ಲಿ ಮೊದಲಿಂದ ಇದ್ದದ್ದು ಅಂತ ವಂದನಾ ಶಿವ ಮತ್ತಿತರರು ತಕರಾರು ಹೂಡಿ, ೨೦೦೦ದಲ್ಲಿ ಅದು ರದ್ದಾಯಿತು. ೨೦೦೫ರಲ್ಲಿ ಮೇಲ್ಮನವಿಯೂ ಬಿತ್ತು. ಗೆಲುವು ದೊಡ್ಡದು. ಆದರೆ ಗೆದ್ದ ಮೇಲೆ ಇಲ್ಲಿನ ಕೆಲವರು ‘ಎಲ್ಲ ನಮ್ಮ ಶಾಸ್ತ್ರಗಳಲ್ಲಿತ್ತು, ಋಷಿಗಳಿಗೆ ಗೊತ್ತಿತ್ತು’ ಅಂತ ಎದೆ ಉಬ್ಬಿಸಿದರು. ಯಾವ ಋಷಿ ಅವರೆಕಾಳಿಗೆ ಹರಳೆಣ್ಣೆ ಉಜ್ಜಿದ್ದ? ಹೊಲದ ಬದುವಿನಲ್ಲಿ ಬೇವಿನ ಬೀಜ, ಹೊಂಗೆ ಬೀಜ ಆರಿಸಿ ಸೇರಿನ ಲೆಕ್ಕದಲ್ಲಿ ವ್ಯಾಪಾರಿಗೆ ಅಳೆದವರು ಕೇರಿಯ ಹೆಂಗಸರು, ಮಕ್ಕಳು. ಕಂಪನಿ ಕದ್ದರೆ ದೇಶ ಕೇಳಿತು. ಮನೆಯೊಳಗಿನವರೇ ಹೆಸರು ಬದಲಾಯಿಸಿದರೆ ಯಾವ ಕಚೇರಿಯಲ್ಲಿ ತಕರಾರು ಹೂಡುವುದು?

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸ ಸೂಚಿಸುತ್ತೇನೆ. ಅವರೆ ಕಾಲ ಮುಗಿದ ಮೇಲೆ ಪುಡಿ ಮಾತ್ರೆ ಸೋಕದ ಒಣ ಅವರೆಕಾಳು ನಾಲ್ಕು ಪಾವು ತನ್ನಿ. ನಾಲ್ಕು ಗಾಜಿನ ಸೀಸೆಗೆ ಸಮನಾಗಿ ಹಾಕಿ. ಒಂದಕ್ಕೆ ಏನೂ ಬೇಡ. ಇನ್ನೊಂದಕ್ಕೆ ಜರಡಿ ಹಿಡಿದ ಬೂದಿ, ಮತ್ತೊಂದಕ್ಕೆ ಬೇವಿನ ಬೀಜದ ಪುಡಿ, ನಾಲ್ಕನೆಯದಕ್ಕೆ ಹರಳೆಣ್ಣೆ. ಎಣ್ಣೆ ಕಿಲೋಗೆ ಒಂದು ಟೀ ಚಮಚ ಸಾಕು, ಹೆಚ್ಚಾದರೆ ಕಮಟುತ್ತದೆ. ಪ್ರತಿ ಸೀಸೆಗೂ ಹತ್ತು ಜೀವಂತ ಕುಟ್ಟೆ ಹುಳ ಬಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಂದೂವರೆ ತಿಂಗಳಿಗೆ ತೆರೆದು ಪ್ರತಿ ಸೀಸೆಯಿಂದ ನೂರು ಕಾಳು ತೆಗೆದು ತೂತು ಬಿದ್ದವನ್ನು ಮಕ್ಕಳ ಕೈಲಿ ಎಣಿಸಿ, ಗೋಡೆಗೆ ಹಚ್ಚಿ. ಯಾವ ಮನೆಯ ಅಜ್ಜಿ ಹೇಳಿಕೊಟ್ಟರು, ಎಷ್ಟು ಸೇರಿಗೆ ಎಷ್ಟು ಎಣ್ಣೆ ಅಂದರು ಅನ್ನುವುದನ್ನೂ ಅದೇ ಹಾಳೆಯಲ್ಲಿ, ಅವರ ಹೆಸರು ಹಾಕಿ ಬರೆಸಿ.